ತೊಳೆದಿಟ್ಟ ಸಾಕ್ಷಿ

(‘ಏಳನೇ ಗೇಟು’ ಧಾರಾವಾಹಿ: ಹನ್ನೊಂದನೆಯ ಕಂತು)

“ಕೂತ್ಕೊಳ್ಳಿ” ಎಂದು ಎಂಜಿನಿಯರ್ ಕಾಲಿನಿಂದಲೇ ತಳ್ಳಿದ ಕುರ್ಚಿಯ ಮೇಲೆ ಎಂದೋ ಚೆಲ್ಲಿದ ಸಾಸು ಒಣಗಿ ಹಕ್ಕಳೆಗಟ್ಟಿತ್ತು.

ಪತ್ತೇದಾರ ಕೂರಲಿಲ್ಲ. ಜೇಬಿನಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಪೊಲೀಸ್ ಠಾಣೆಯವರು ಅವನಿಗೆ ‘ಕರ್ಚೀಫು’ ಎಂದೇ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಹೆಣ ನೋಡಿ ಅಳುಕದ ಮನುಷ್ಯ ಎಂಜಲು ತಟ್ಟೆ ನೋಡಿದರೆ ಮುಖ ಸಿಂಡರಿಸುತ್ತಾನೆ. ಇಪ್ಪತ್ತೆರಡು ವರ್ಷದಿಂದ ಊರವರ ಕೊಳಕನ್ನು ಕೆದಕಿಯೇ ಹೊಟ್ಟೆ ಹೊರೆಯುತ್ತಿರುವವನಿಗೆ ದೇವರು ಇಂಥ ಮೂಗನ್ನೇಕೆ ಕೊಟ್ಟನೋ.

ಕೋಣೆಗೆ ಕಿಟಕಿ ಇರಲಿಲ್ಲ. ಮೇಜಿನ ಮೇಲೆ ಮೂರು ದೊಡ್ಡ ಪರದೆಗಳು, ಅವುಗಳ ಬುಡದಲ್ಲಿ ಮೂರು ದಿನದ ಊಟದ ಡಬ್ಬಿಗಳು. ಒಂದು ಲೋಟದ ತಳದಲ್ಲಿ ಉಳಿದ ಕಾಫಿಯ ಮೇಲೆ ಹಸಿರು ಬೂಷ್ಟು ಬೆಳೆದಿತ್ತು. ಎಂಜಿನಿಯರ್ ಬ್ರೆಡ್ಡು ಕಚ್ಚುತ್ತಿದ್ದ. ಕಚ್ಚುವುದು, ಬೆರಳು ನೆಕ್ಕುವುದು, ಅದೇ ಬೆರಳಲ್ಲಿ ಕೀಬೋರ್ಡು ಕುಟ್ಟುವುದು. ಕೀಲಿಗಳ ಸಂದಿಯಲ್ಲಿ ಕೂದಲು, ಬ್ರೆಡ್ಡಿನ ಪುಡಿ ಎರಡೂ ಸಮಸಮ ಸಿಕ್ಕಿಕೊಂಡಿದ್ದವು. ಪತ್ತೇದಾರ ಕರ್ಚೀಫನ್ನು ಇನ್ನಷ್ಟು ಒತ್ತಿ ಹಿಡಿದ.

ಅವನ ಅಕ್ಕ ಮಾತ್ರ ಕೈಚೀಲದಿಂದ ಹಳೇ ಪೇಪರು ತೆಗೆದು ಕುರ್ಚಿಗೆ ಹಾಸಿ, ಮನೆಗೆ ಬಂದ ನೆಂಟರಂತೆ ಕೂತಳು. ಎಂಜಿನಿಯರ್ ನಲ್ಲಿಯಿಂದ ಹಿಡಿದುಕೊಟ್ಟ ನೀರಿನ ಲೋಟವನ್ನೂ ಬೇಡವೆನ್ನದೆ ತೆಗೆದುಕೊಂಡಳು. ಅಕ್ಕನಿಗೆ ಅರವತ್ತಾರು. ಟಿವಿ ಕೇಂದ್ರದಲ್ಲಿ ಮೂವತ್ತು ವರ್ಷ ಒಂದೇ ಕೆಲಸ ಮಾಡಿದವಳು: ಪ್ರಸಾರವಾಗುವ ಚಿತ್ರವನ್ನು ಎಲ್ಲರಿಗಿಂತ ಮೊದಲು ನೋಡುವುದು, ಗೆರೆಯೋ ಚುಕ್ಕಿಯೋ ಬಣ್ಣದ ಕಲೆಯೋ ಕಂಡರೆ ಪ್ರಸಾರ ನಿಲ್ಲಿಸುವ ಗುಂಡಿ ಒತ್ತುವುದು. ಈಗ ಕನ್ನಡಕ ಎರಡಾಗಿವೆ, ಕಣ್ಣು ಮಾತ್ರ ಅದೇ.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಹನ್ನೆರಡೂವರೆಗೆ ಠಾಣೆಯಲ್ಲಿ ಗೇಟಮ್ಮ ತಪ್ಪೊಪ್ಪಿಗೆಗೆ ಸಹಿ ಹಾಕುವವಳಿದ್ದಳು.

ಗೇಟಮ್ಮ ಎಂಬುದು ನೀರಿನ ಕಾರ್ಖಾನೆಯವರು ಪ್ರೀತಿಯಿಂದ ಇಟ್ಟ ಹೆಸರು. ಮನೆಯ ಅಡುಗೆಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹದಿನೆಂಟು ಕಿಲೋಮೀಟರ್ ಆಚೆಯ ಕಾರ್ಖಾನೆಯ ಕಂಪ್ಯೂಟರಿನ ಪರದೆಯನ್ನು ಅದರಲ್ಲಿ ನೋಡುತ್ತ, ನೀರಿನ ಗೇಟುಗಳನ್ನು ತೆರೆದು ಮುಚ್ಚುವುದು ಅವಳ ಕೆಲಸ. ಆ ಪರದೆಯನ್ನು ಕ್ಷಣಕ್ಷಣವೂ ವಿಡಿಯೊ ಮಾಡಿ ಅವಳ ಮನೆಗೆ ಹರಿಸುವುದು, ಹರಿಸಿದ್ದನ್ನು ದಾಖಲೆಯಾಗಿ ಇಡುವುದು ಈ ಎಂಜಿನಿಯರನ ಕಂಪನಿ. ಎಲ್ಲರ ಪಾಪಪುಣ್ಯ ಬರೆದಿಡುವವನೆಂದು ಸಹೋದ್ಯೋಗಿಗಳು ಇವನನ್ನು ‘ಚಿತ್ರಗುಪ್ತ’ ಎನ್ನುತ್ತಿದ್ದರು.

ಹನ್ನೊಂದು ದಿನದ ಹಿಂದೆ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಪರದೆಯ ಮೇಲೆ ಏಳನೇ ಗೇಟಿನ ಗುಂಡಿಯೊಂದು ಒತ್ತಲ್ಪಟ್ಟಿತು. ಒಡನೆಯೇ ಲೈನು ಕಡಿಯಿತು. ಏಳು ನಿಮಿಷದ ಮೇಲೆ ಚಿತ್ರ ಮರಳಿದಾಗ ಗೇಟು ಬಾಯ್ದೆರೆದಿತ್ತು. ಫಿಲ್ಟರು ತೊಳೆದ ಕೊಳಕು ನೀರು ಕೊಚ್ಚೆಗುಂಡಿಗೆ ಹೋಗುವ ಬದಲು ಕುಡಿಯುವ ನೀರಿನ ತೊಟ್ಟಿ ಸೇರಿತು. ಇನ್ನೂರು ಜನ ಆಸ್ಪತ್ರೆ ಪಾಲಾದರು. ಆರು ಜನ ಸತ್ತರು. ಆರರಲ್ಲಿ ಒಬ್ಬಾಕೆ ಗೇಟಮ್ಮನ ಅತ್ತೆಯೇ.

ಗೇಟಿನ ಹಳೇ ಯಂತ್ರಕ್ಕೆ ತನ್ನನ್ನು ಯಾರು ಒತ್ತಿದರೆಂದು ಬರೆದಿಡುವ ಅಭ್ಯಾಸವಿಲ್ಲ. ಉಳಿದದ್ದು ಚಿತ್ರಗುಪ್ತನ ವಿಡಿಯೊ ಒಂದೇ. ಅದರಲ್ಲಿ, ಗೇಟಮ್ಮ ನೋಡುತ್ತಿದ್ದ ಪರದೆಯ ಮೇಲೆ ‘ತೆರೆ’ ಎಂಬ ಗುಂಡಿ ಒತ್ತಿಕೊಂಡು ಕೆಂಪಾಗುವುದು ಹಗಲಿನಷ್ಟು ನಿಚ್ಚಳವಾಗಿ ಕಾಣುತ್ತಿತ್ತು. ಮೊದಲ ದಿನ “ನಾನು ತೆರೆದಿಲ್ಲ” ಎಂದವಳು ಆ ವಿಡಿಯೊ ತೋರಿಸಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ಈಗ ಅವಳು ಕೇಳುವುದು ಒಂದೇ, ಎಲ್ಲಿ ಸಹಿ ಹಾಕಲಿ ಎಂದು. ಅವಳ ತಂಗಿ ಬಂದು ಅತ್ತು ಕರೆದಿದ್ದರಿಂದಲೇ ಪತ್ತೇದಾರ ಈ ಕೇಸು ಹಿಡಿದದ್ದು.

“ನಿನ್ನ ವಿಡಿಯೊ ಬಹಳ ಚೆನ್ನಾಗಿದೆ ಕಣಪ್ಪಾ,” ಎಂದು ಅಕ್ಕ ಶುರುಮಾಡಿದಳು.

ಎಂಜಿನಿಯರನ ಮುಖ ಅರಳಿತು. “ಥ್ಯಾಂಕ್ಸ್ ಮೇಡಂ. ಜನ ಅದನ್ನ ಗಮನಿಸೋದೇ ಇಲ್ಲ.”

“ಅಷ್ಟು ಚೆನ್ನಾಗಿರಬಾರದಿತ್ತು.”

ಅವನ ದವಡೆ ಬ್ರೆಡ್ಡಿನ ನಡುವೆಯೇ ನಿಂತಿತು.

“ಮೂರು ದಿನದಿಂದ ನಾನು ಅವಳ ಅಡುಗೆಮೇಜಿನ ಮುಂದೆ ಕೂತಿದೀನಿ,” ಅಕ್ಕ ಅವಸರವಿಲ್ಲದೆ ಹೇಳಿದಳು. “ಆ ಮನೆಗೆ ಬರೋ ಲೈನು ಬಡಕಲು. ಪರದೆಯಲ್ಲಿ ಏನಾದ್ರೂ ಅಲುಗಾಡಿದ್ರೆ ಸಾಕು, ಅಕ್ಷರ ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ಹಾಗಾಗುತ್ತೆ. ಒಂದು ಕ್ಷಣ ಬಿಟ್ಟು ತಿಳಿಯಾಗುತ್ತೆ. ಯಾಕಪ್ಪ ಹಾಗೆ?”

ಕೇಳಿದ್ದೇ ತಡ, ಅವನು ತಟ್ಟೆ ಪಕ್ಕಕ್ಕಿಟ್ಟ. ತನ್ನ ವಿದ್ಯೆಯ ಬಗ್ಗೆ ಯಾರಾದರೂ ಕೇಳಲಿ ಎಂದು ಕಾದು ಕೂತವರಿಗೆ ಅಪಾಯದ ವಾಸನೆ ಬೇಗ ಬಡಿಯುವುದಿಲ್ಲ.

“ಬಡಕಲು ಲೈನಲ್ಲಿ ಪೂರ್ತಿ ಚಿತ್ರ ಕಳಿಸೋಕಾಗಲ್ಲ ಮೇಡಂ. ಅದಕ್ಕೆ ಬದಲಾದ ಭಾಗ ಮಾತ್ರ ಕಳಿಸ್ತೀವಿ. ಅದನ್ನೂ ಮೊದಲು ಒರಟೊರಟಾಗಿ. ಪರದೆ ಸುಮ್ಮನೆ ನಿಂತಾಗ ಉಳಿದದ್ದು ತುಂಬ್ತೀವಿ. ಕಣ್ಣಿಗೆ ಬೆಳಕಿನ ವ್ಯತ್ಯಾಸ ತಿಳಿಯೋಷ್ಟು ಬಣ್ಣದ ವ್ಯತ್ಯಾಸ ತಿಳಿಯಲ್ಲ, ಹಾಗಾಗಿ ಮೊದಲು ಕತ್ತರಿ ಬೀಳೋದು ಬಣ್ಣಕ್ಕೆ. ಹಾಗಂತ ನಂಗೆ ಆ ಕೆಸರು ಕಂಡ್ರೆ ಆಗಲ್ಲ. ಅಕ್ಷರದ ಅಂಚಲ್ಲಿ ಸ್ವಲ್ಪ ಮಸಿ ಇದ್ರೂ ಮೈ ಪರಚಿಕೊಳ್ಳೋ ಹಾಗಾಗುತ್ತೆ.”

ಪತ್ತೇದಾರ ಬೂಷ್ಟು ಹಿಡಿದ ಲೋಟದ ಕಡೆ ನೋಡಿದ. ಇಂಥ ತಿಪ್ಪೆಯಲ್ಲಿ ನಿಶ್ಚಿಂತೆಯಿಂದ ಉಣ್ಣುವ ಪ್ರಾಣಿಗೆ ಅಕ್ಷರದ ಅಂಚಿನ ಮಸಿ ಸಹಿಸುವುದಿಲ್ಲವಂತೆ.

“ಸರಿ,” ಎಂದಳು ಅಕ್ಕ. “ಅವತ್ತು ಬೆಳಿಗ್ಗೆ ಲೈನು ಇನ್ನೇನು ಕಡಿದುಹೋಗೋ ಹಂತದಲ್ಲಿತ್ತು. ಕಡಿಯೋ ಹಿಂದಿನ ಕ್ಷಣದ ಚಿತ್ರ ನೀನು ಪೊಲೀಸರಿಗೆ ಕೊಟ್ಟಿದೀಯ. ಅದರಲ್ಲಿ ಎಲ್ಲೂ ಕೆಸರಿಲ್ಲ. ಎಲ್ಲ ಅಕ್ಷರವೂ ಕನ್ನಡಿ. ಕೆಸರು ಎಲ್ಲಿ ಹೋಯ್ತು?”

“ನಾನು ಅದಕ್ಕೆ ಏನನ್ನೂ ಸೇರಿಸಿಲ್ಲ,” ಎಂದ ಅವನು.

ಸೇರಿಸಿದೆ ಎಂದು ಯಾರೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪತ್ತೇದಾರ ಕರ್ಚೀಫನ್ನು ಒಂದಿಷ್ಟು ಕೆಳಗಿಳಿಸಿ ಒಂದು ಹೆಜ್ಜೆ ಮುಂದೆ ಬಂದ.

“ಮತ್ತೇನು ಮಾಡಿದ್ರಿ?”

“ಸ್ವಲ್ಪ ತೊಳೆದೆ. ಅಷ್ಟೇ.”

ಅಕ್ಕ ಚೀಲದಿಂದ ಉದ್ದನೆಯ ಕಾಗದದ ಸುರುಳಿ ತೆಗೆದಳು. ಕಾರ್ಖಾನೆಯ ಒತ್ತಡದ ಮೀಟರು ನಿಮಿಷಕ್ಕೊಮ್ಮೆ ತಾನೇ ಅಚ್ಚು ಹಾಕುವ ಸುರುಳಿ. ಅದನ್ನು ಕೊಡಿಸುವುದಕ್ಕೆ ಪತ್ತೇದಾರ ಎರಡು ದಿನ ಕಾರ್ಖಾನೆಯ ಉಗ್ರಾಣದವನ ಹಿಂದೆ ಅಲೆದಿದ್ದ. ಅಕ್ಕ ಬೆರಳಿಟ್ಟು ತೋರಿಸಿದಳು.

“ಹತ್ತು ನಲವತ್ತೆರಡಕ್ಕೆ ಮೀಟರು ಅಚ್ಚು ಹಾಕಿರೋದು ನಾಲ್ಕು ಪಾಯಿಂಟ್ ಮೂರು. ನಿನ್ನ ವಿಡಿಯೊದ ಮೂಲೆಯಲ್ಲಿ ಅದೇ ಮೀಟರು, ಅದೇ ನಿಮಿಷ, ನಾಲ್ಕು ಪಾಯಿಂಟ್ ಎಂಟು. ಯಾವ ಸೋಪು ಹಾಕಿ ತೊಳೆದ್ರೆ ಮೂರು ಎಂಟಾಗುತ್ತಪ್ಪಾ? ನಮ್ಮನೆಗೂ ಒಂದು ತರಿಸ್ತೀನಿ.”

ಎಂಜಿನಿಯರನ ಕಿವಿಯ ತುದಿ ಕೆಂಪಾಯಿತು. ಸುರುಳಿಯನ್ನು ಎತ್ತಿ ಹಿಡಿದು ನೋಡಿದ. ಅದರ ಮೇಲೆ ಅವನ ಬೆರಳಿನ ಜಿಡ್ಡು ಹತ್ತಿತು. ಪತ್ತೇದಾರ ಸುರುಳಿಯನ್ನು ತುದಿಯಲ್ಲಿ ಹಿಡಿದು ಕಸಿದುಕೊಂಡ.

“ಹೇಳ್ತೀರೋ, ಠಾಣೆಯಲ್ಲಿ ಹೇಳ್ತೀರೋ?”

“ಅಪರಾಧ ಏನೂ ಅಲ್ಲ ಸಾರ್ ಅದು.” ಅವನು ತುಟಿ ನೆಕ್ಕಿಕೊಂಡ. “ಹೊಸ ಪದ್ಧತಿ. ಎರಡು ವರ್ಷದ ದುಡಿಮೆ. ಕೆಸರಾಗಿರೋ ಜಾಗದಲ್ಲಿ ಏನಿದ್ದಿರಬಹುದು ಅಂತ ಯಂತ್ರ ಊಹಿಸಿ ತುಂಬುತ್ತೆ. ನೂರಕ್ಕೆ ತೊಂಬತ್ತೆಂಟು ಸಲ ಸರಿಯಾಗೇ ಇರುತ್ತೆ.”

“ಊಹಿಸಿ,” ಎಂದ ಪತ್ತೇದಾರ.

“ಆ ಪದ ಸರಿಯಿಲ್ಲ. ಅಂದಾಜಿಸಿ ಅನ್ನಬಹುದು.”

“ತೊಳೆಯೋಕೆ ಮುಂಚಿನದು ತೋರಿಸಿ.”

“ಅದನ್ನೆಲ್ಲ ಇಟ್ಕೊಳ್ಳೋದಿಲ್ಲ ಸಾರ್. ಜಾಗ ಸಾಲಲ್ಲ.”

ಅಕ್ಕ ನಕ್ಕಳು. “ಸುಳ್ಳು ಹೇಳಬೇಡ. ಬಟ್ಟೆ ಎಷ್ಟು ಬೆಳ್ಳಗೆ ಒಗೆದೆ ಅಂತ ತೋರಿಸೋಕೆ ಪಕ್ಕದಲ್ಲಿ ಕೊಳಕು ಬಟ್ಟೆ ಬೇಕೇ ಬೇಕು. ಟಿವಿಯಲ್ಲಿ ಮೂವತ್ತು ವರ್ಷ ಸೋಪಿನ ಜಾಹೀರಾತು ನೋಡಿದೋಳು ನಾನು. ಇಟ್ಕೊಂಡಿರ್ತೀಯ.”

ಅವನು ಅವಳನ್ನು ನೋಡಿದ, ಗಡಿಯಾರ ನೋಡಿದ, ಕೊನೆಗೆ ಮಧ್ಯದ ಪರದೆಗೆ ತಿರುಗಿ ಒಂದು ಕಡತ ತೆರೆದ. ಪರದೆ ಎರಡು ಭಾಗವಾಯಿತು. ಎಡಕ್ಕೆ ‘ಮೊದಲು’, ಬಲಕ್ಕೆ ‘ನಂತರ’. ಮೇಲ್ಗಡೆ ಕಂಪನಿಯ ನೀಲಿ ಮುದ್ರೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ವ್ಯತ್ಯಾಸ ನೀವೇ ನೋಡಿ’.

“ಇದೇನು?” ಪತ್ತೇದಾರ ಕೇಳಿದ.

“ಗಿರಾಕಿಗಳಿಗೆ ತೋರಿಸೋದು. ನಿನ್ನೆ ದೊಡ್ಡ ಸಭೆ ಇತ್ತು. ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿರಲಿಲ್ಲ. ಚಪ್ಪಾಳೆ ಬಿತ್ತು.”

ಕೆಲವು ಮಾತುಗಳು ಕಿವಿಗೆ ಬಿದ್ದ ಮೇಲೆ ಹೊಟ್ಟೆಗೆ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆರು ಹೆಣಗಳ ಕ್ಷಣವನ್ನು ಈ ಮನುಷ್ಯ ಅಂಗಡಿಯ ಮುಂದೆ ತೂಗುಹಾಕುವ ಮಾದರಿ ಅಂಗಿಯಂತೆ ತೂಗುಹಾಕಿದ್ದ. ಅದಕ್ಕೆ ಜನ ಕೈತಟ್ಟಿದ್ದರು. ಪತ್ತೇದಾರನಿಗೆ ಇಡೀ ಕೋಣೆಯಲ್ಲಿ ಡಬ್ಬಿಗಳಿಗಿಂತ ಹೆಚ್ಚು ನಾರುವ ವಸ್ತು ಇದೇ ಎನ್ನಿಸಿತು.

“ಓಡಿಸಿ,” ಎಂದ, ಹಲ್ಲು ಕಚ್ಚಿ.

ಬಲಗಡೆಯಲ್ಲಿ ಅವನು ನೂರು ಸಲ ನೋಡಿದ್ದೇ ನಡೆಯಿತು. ಎರಡು ಗುಂಡಿಗಳು ಅಕ್ಕಪಕ್ಕ: ‘ತೆರೆ’, ‘ಬೀಗ’. ‘ತೆರೆ’ ಒತ್ತಿದರೆ ಗೇಟು ಸ್ವಲ್ಪ ಹೊತ್ತು ತೆರೆದು ತಾನೇ ಮುಚ್ಚಿಕೊಳ್ಳುತ್ತದೆ; ‘ಬೀಗ’ ಒತ್ತಿದರೆ ಕಾರ್ಖಾನೆಯಲ್ಲೇ ಬೀಗ ತೆಗೆಯುವವರೆಗೆ ತೆರೆಯುವುದಿಲ್ಲ. ‘ತೆರೆ’ ಒತ್ತಿ ಕೆಂಪಾಯಿತು. ಚಿತ್ರ ಕಡಿಯಿತು.

ಎಡಗಡೆಯಲ್ಲಿ, ಅದೇ ಕ್ಷಣಕ್ಕೆ, ಎರಡು ಗುಂಡಿಗಳಿದ್ದ ಜಾಗದಲ್ಲಿ ಬೂದುಬಣ್ಣದ ಒಂದು ಮುದ್ದೆ ಕೂತಿತ್ತು. ಅದರಲ್ಲಿ ಬಣ್ಣವೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಏನೋ ಒತ್ತಿದ್ದಂತೂ ಹೌದು, ಮುದ್ದೆ ಒಮ್ಮೆ ಕದಲಿತು. ಯಾವುದನ್ನು ಒತ್ತಿದ್ದೆಂದು ಬ್ರಹ್ಮ ಬಂದರೂ ಹೇಳಲಾರ.

ಅಕ್ಕ ಎರಡನೇ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ಇದರಲ್ಲಿ ಏನೂ ಇಲ್ಲ,” ಎಂದಳು.

“ಪೊಲೀಸರಿಗೆ ಬಲಗಡೆಯದು ಮಾತ್ರ ಕೊಟ್ಟಿರಿ,” ಎಂದ ಪತ್ತೇದಾರ.

“ಅವರು ಸ್ಪಷ್ಟವಾಗಿರೋದು ಕೇಳಿದ್ರು.”

“ಇದು ಯಂತ್ರದ ಊಹೆ ಅಂತ ಹೇಳಿದ್ರಾ?”

“ಅವರು ಕೇಳಲಿಲ್ಲ.”

“ಒಂದು ಹೆಂಗಸು ಜೈಲಿಗೆ ಹೋಗ್ತಾಳೆ ಅಂತ ಗೊತ್ತಿತ್ತಾ?”

“ಮುಂದಿನ ವಾರ ಗುತ್ತಿಗೆ ನವೀಕರಣ ಇದೆ ಸಾರ್,” ಎಂದ ಅವನು, ಅದೇ ಉತ್ತರವೆಂಬಂತೆ. “ನಮ್ಮ ಸಾಫ್ಟ್‌ವೇರು ಬೇಕಾದ ಹೊತ್ತಿಗೇ ಕೆಸರು ತೋರಿಸ್ತು ಅಂತ ಗೊತ್ತಾದ್ರೆ ಯಾರು ತಗೋತಾರೆ? ಅಲ್ಲದೆ ಅವಳೇ ಒಪ್ಪಿಕೊಂಡಿದಾಳಂತಲ್ಲ. ಅಲ್ಲಿಗೆ ನನ್ನ ಯಂತ್ರ ಸರಿಯಾಗೇ ಹೇಳಿದೆ ಅಂತಾಯ್ತು.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತಾರೆ. ಈ ಬೆಕ್ಕು ಕುಡಿದ ಮೇಲೆ ಹಾಲಿನ ರುಚಿಯ ಬಗ್ಗೆ ಭಾಷಣ ಬೇರೆ ಮಾಡುತ್ತಿತ್ತು. ಪತ್ತೇದಾರ ಎಡಗಡೆಯ ಕಡತವನ್ನು ತನ್ನ ಪೆನ್‌ಡ್ರೈವಿಗೆ ಹಾಕಿಸಿಕೊಂಡ. ಹಾಕಿಸಿಕೊಳ್ಳುವಾಗ ಆ ಕೀಬೋರ್ಡಿಗೆ ತನ್ನ ತೋಳು ತಾಗಿದ್ದಕ್ಕೆ ಕರ್ಚೀಫಿನಿಂದ ಎರಡು ಸಲ ಒರೆಸಿಕೊಂಡ.

ಆದರೂ ಒಳಗೊಳಗೇ ಅವನಿಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಗೇಟಮ್ಮ ಉಳಿದಳು. ಆ ಹೆಂಗಸಿನ ತಣ್ಣಗಿನ ಮುಖ, ಉಗುರು ಕಚ್ಚಿ ಕಚ್ಚಿ ಗಾಯವಾದ ಬೆರಳು, ಅತ್ತೆಯ ಸಾವಿಗೆ ಅಳುವುದಕ್ಕೂ ಬಿಡುವಿಲ್ಲದ ಅವಳ ಸ್ಥಿತಿ, ಎಲ್ಲ ಅವನ ಮನಸ್ಸಿಗೆ ಹತ್ತಿಕೊಂಡಿದ್ದವು. ಮಾಡದ ತಪ್ಪನ್ನು ಕಣ್ಣೆದುರು ವಿಡಿಯೊದಲ್ಲಿ ನೋಡಿ ನೋಡಿ, ತಾನೇ ಮಾಡಿರಬೇಕೆಂದು ನಂಬಿಬಿಟ್ಟಿದ್ದಾಳೆ ಎಂದು ಅವನು ಲೆಕ್ಕ ಹಾಕಿದ್ದ. ಗಂಟೆ ಹನ್ನೆರಡು ಐದು. ಠಾಣೆಗೆ ಒಂದು ಫೋನು ಮಾಡಿದರೆ ಮುಗಿಯಿತು.

“ಏಳಕ್ಕ, ಹೋಗೋಣ.”

ಅಕ್ಕ ಏಳಲಿಲ್ಲ.

“ಒಂದು ನಿಮಿಷ ಇರು,” ಎಂದಳು. ಎಂಜಿನಿಯರನ ಕಡೆ ತಿರುಗಿ, “ಇನ್ನೊಂದು ಅನುಮಾನ ಇದೆ. ಇರೋದು ಎರಡು ಗುಂಡಿ. ಆ ಮುದ್ದೆಯಲ್ಲಿ ನಂಗೆ ಎರಡೂ ಕಾಣಲ್ಲ. ನಿನ್ನ ಯಂತ್ರ ‘ಬೀಗ’ ಬಿಟ್ಟು ‘ತೆರೆ’ ಅಂತಾನೇ ಯಾಕೆ ತುಂಬಿತು?”

“ಅದು ತಾನಾಗಿ ಏನೂ ಹೊಸೆಯಲ್ಲ ಮೇಡಂ,” ಎಂದ ಅವನು, ಮತ್ತೆ ಮೇಷ್ಟರ ಧಾಟಿಗೆ ಬಂದು. “ಹಿಂದೆ ನೋಡಿದ್ದನ್ನೇ ತುಂಬುತ್ತೆ. ಮಗು ಮಾತು ಕಲಿಯೋ ಹಾಗೆ. ಕಿವಿಗೆ ಬಿದ್ದಿರೋ ಮಾತನ್ನೇ ಅಲ್ವಾ ಅದು ಆಡೋದು?”

“ಯಾವುದನ್ನ ತೋರಿಸಿ ಕಲಿಸಿದೆ?”

“ಇದೇ ಕಾರ್ಖಾನೆಯ ಹಳೇ ದಾಖಲೆ. ಎಂಟು ತಿಂಗಳದ್ದು. ಅವು ಒಳ್ಳೆ ಲೈನಿದ್ದ ದಿನದ ಚಿತ್ರಗಳು, ಕೆಸರಿಲ್ಲದವು.”

ಪತ್ತೇದಾರ ಬಾಗಿಲ ಹಿಡಿಯ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದ.

ಏಳನೇ ಗೇಟನ್ನು ತೊಟ್ಟಿ ಖಾಲಿ ಮಾಡಿ ರಿಪೇರಿ ಮಾಡುವಾಗ ಬಿಟ್ಟರೆ ಯಾವತ್ತೂ ತೆರೆಯಬಾರದು. ಕಾರ್ಖಾನೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಹಾಗೆಂದು ಬರೆದಿದೆ. ಕೊನೆಯ ರಿಪೇರಿ ಆದದ್ದು ನಾಲ್ಕು ವರ್ಷದ ಹಿಂದೆ.

“ಹಾಗಾದ್ರೆ,” ಎಂದ ಪತ್ತೇದಾರ. ಅವನ ದನಿ ಅವನಿಗೇ ಬೇರೆಯವರದೆನಿಸಿತು. “ಏಳನೇ ಗೇಟಿನ ‘ತೆರೆ’ ಗುಂಡಿ ಒತ್ತೋದನ್ನ ನಿಮ್ಮ ಯಂತ್ರ ಮೊದಲೇ ನೋಡಿರಬೇಕು.”

“ನೋಡಿರಬೇಕು.”

“ಎಷ್ಟು ಸಲ?”

ಎಂಜಿನಿಯರ್ ಏನೋ ಕುಟ್ಟಿದ. ಒಂದು ಪಟ್ಟಿ ಪರದೆಯ ಮೇಲಿಂದ ಕೆಳಕ್ಕೆ ಇಳಿಯಿತು. ಕೊನೆಯ ಸಾಲಲ್ಲಿ ಒಟ್ಟು ಬಂದು ನಿಂತಿತು.

“ನಲವತ್ತೊಂದು.”

“ಬೀಗ?”

“ಒಂದು ಸಲವೂ ಇಲ್ಲ.”

ಅಕ್ಕ ಅರ್ಧ ಕುಡಿದಿದ್ದ ನೀರಿನ ಲೋಟವನ್ನು ಮೇಜಿನ ಮೇಲೆ ಇಟ್ಟು, ಕೈಯಿಂದ ದೂರ ತಳ್ಳಿದಳು.

ಎಂಟು ತಿಂಗಳು. ವಾರಕ್ಕೆ ಒಂದು ಸಲವೋ ಎರಡು ಸಲವೋ. ಅವತ್ತಿನದು ಅಪಘಾತವಾಗಿರಲಿಲ್ಲ. ಕೊಚ್ಚೆಗುಂಡಿ ತುಂಬಿದಾಗಲೆಲ್ಲ ಟ್ಯಾಂಕರು ಕರೆಸುವ ರಗಳೆ ಏಕೆಂದು, ಸ್ವಲ್ಪ ಸ್ವಲ್ಪವೇ ಊರವರ ಬಾಯಿಗೆ ಬಿಟ್ಟಿದ್ದರು. ಅವತ್ತು ಸ್ವಲ್ಪ ಹೆಚ್ಚಾಯಿತು, ಅಷ್ಟೇ. ಪತ್ತೇದಾರ ಇವತ್ತು ಬೆಳಿಗ್ಗೆ ಅದೇ ನೀರಲ್ಲಿ ಬಾಯಿ ಮುಕ್ಕಳಿಸಿದ್ದ. ಅದೇ ನೀರಿನಿಂದ ಚಹಾ ಕಾಸಿದ್ದ. ಕುದಿಸಿದರೆ ಎಲ್ಲ ಸರಿಹೋಗುತ್ತದೆಂದು ಜಂಬದಿಂದ ಅಕ್ಕನಿಗೂ ಹೇಳಿದ್ದ.

ಅವನು ಕರ್ಚೀಫು ಬಾಯಿಗೊತ್ತಿಕೊಂಡು ಹೊರಗಿನ ಮೊಗಸಾಲೆಗೆ ಓಡಿದ. ಕೈತೊಳೆಯುವ ತೊಟ್ಟಿಗೆ ಬಗ್ಗಿ ಬೆಳಗಿನದನ್ನೆಲ್ಲ ಕಾರಿದ. ಬಾಯಿ ತೊಳೆಯಲು ನಲ್ಲಿ ತಿರುಗಿಸಿದ. ನೀರು ತಿಳಿಯಾಗಿ, ತಣ್ಣಗೆ, ಏನೂ ಅರಿಯದಂತೆ ಸುರಿಯಿತು. ಬೊಗಸೆ ಒಡ್ಡಿ ನಿಂತವನಿಗೆ ಅದನ್ನು ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಹಾಗೇ ಚೆಲ್ಲಿ, ಬಾಯಲ್ಲಿ ಆ ಹುಳಿಯನ್ನೇ ಇಟ್ಟುಕೊಂಡು ಒಳಗೆ ಬಂದ.

ಒಳಗೆ ಅಕ್ಕ ಪಟ್ಟಿಯ ಮುಂದೆ ಕೂತಿದ್ದಳು.

“ನಿಂಗಿದು ಗೊತ್ತಿತ್ತೇನಪ್ಪಾ?” ಎಂದು ಕೇಳುತ್ತಿದ್ದಳು.

“ನಾನು ಚಿತ್ರದ ಗುಣಮಟ್ಟ ನೋಡ್ತೀನಿ ಮೇಡಂ. ಚಿತ್ರದ ಒಳಗೆ ಏನು ನಡೀತಿದೆ ಅಂತ ನೋಡೋದು ನನ್ನ ಕೆಲಸ ಅಲ್ಲ.”

“ನಲವತ್ತೊಂದು ಸಲವೂ ನೋಡಲಿಲ್ವಾ?”

“ಅಂಚು ಹರಿತವಾಗಿದೆಯಾ, ಬಣ್ಣ ಸರಿಯಾಗಿದೆಯಾ ಅಂತ ನೋಡಿದೆ. ತುಂಬಾ ಚೆನ್ನಾಗಿದ್ವು.”

ಅಕ್ಕ ಕನ್ನಡಕ ತೆಗೆದು ಮಡಿಸಿದಳು. “ನಾನೂ ನಿನ್ನ ಜಾತಿಯೋಳೇ,” ಎಂದಳು. “ಕಥೆ ಬಿಟ್ಟು ಕಲೆ ನೋಡೋಳು. ಒಂದು ದಿನ ಸುದ್ದಿಗೆ ಬಂದ ಚಿತ್ರದಲ್ಲಿ ಸತ್ತ ಮಗುವಿನ ಮುಖ ಹಾಗೇ ತೋರಿಸಿದ್ರು. ಚಿತ್ರದಲ್ಲಿ ಒಂದು ಚುಕ್ಕಿ ಇರಲಿಲ್ಲ, ಗೆರೆ ಇರಲಿಲ್ಲ. ನಾನು ಗುಂಡಿ ಒತ್ತಿದೆ. ಮೇಲಿನೋರು ಬೈದ್ರು. ಬೈಸಿಕೊಂ‍ಡೆ. ನೀನು ಒಂದು ದಿನವಾದ್ರೂ ಒತ್ತಬೇಕಿತ್ತು ಕಣೋ.”

ಅವನು ತಲೆ ತಗ್ಗಿಸಿದ್ದು ನಾಚಿಕೆಯಿಂದ ಎಂದುಕೊಂಡರೆ, ಅಲ್ಲ. ಮಡಿಲಿನ ಮೇಲೆ ಬಿದ್ದ ಬ್ರೆಡ್ಡಿನ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಪತ್ತೇದಾರನಿಗೆ ಮನುಷ್ಯಜಾತಿಯ ಮೇಲೇ ಜಿಗುಪ್ಸೆ ಬಂದು, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ.

ಕಣ್ಣು ತೆರೆದು ಕೇಳಿದ. “ಈ ನಲವತ್ತೊಂದೂ ಯಾರ ಹೆಸರಲ್ಲಿ ಒಳಗೆ ಬಂದು ಒತ್ತಿದ್ದು? ಅದು ಇರುತ್ತಲ್ಲ ನಿಮ್ಮ ಹತ್ರ?”

“ಇರುತ್ತೆ. ಪ್ರತಿ ಸಲಕ್ಕೂ ಲಾಗಿನ್ ಹೆಸರು, ಯಾವ ಮನೆಯ ಲೈನು, ಎಲ್ಲ.”

“ಎಷ್ಟು ಜನ?”

“ಒಬ್ಬರೇ.”

ಎಂಜಿನಿಯರ್ ಪರದೆಯನ್ನು ಅವನ ಕಡೆ ತಿರುಗಿಸಿದ. ಪಟ್ಟಿಯ ಎಡತುದಿಯಲ್ಲಿ ನಲವತ್ತೊಂದು ಸಾಲಿಗೂ ಒಂದೇ ಹೆಸರು, ಒಂದೇ ಮನೆಯ ಲೈನು. ಮೂರು ದಿನದಿಂದ ಅಕ್ಕ ಕೂತುಬಂದ ಅಡುಗೆಮೇಜಿನ ಲೈನು. ಗೇಟಮ್ಮನದು.

ಅಕ್ಕ ಮಡಿಸಿದ ಕನ್ನಡಕ ಮತ್ತೆ ಹಾಕಿಕೊಂಡು ಸಾಲುಗಳನ್ನು ಎಣಿಸಿದಳು.

“ನಾನು ತೆರೆದಿಲ್ಲ” ಎಂದಿದ್ದಳಲ್ಲ ಆ ಹೆಂಗಸು. ಅವಳ ಗಾಯವಾದ ಬೆರಳು ನೋಡಿ ಮರುಗಿದ್ದನಲ್ಲ ತಾನು. ಅದೇ ಬೆರಳು ಎಂಟು ತಿಂಗಳು ಊರಿನ ಬಾಯಿಗೆ ಕೊಚ್ಚೆ ಹನಿಸಿತ್ತು. ಇಷ್ಟು ವರ್ಷದ ಅನುಭವಕ್ಕೆ ಬೆಂಕಿ ಹಾಕಬೇಕು ಎನ್ನಿಸಿತು ಪತ್ತೇದಾರನಿಗೆ. ಹೇಸಿಗೆ ಈಗ ಡಬ್ಬಿಗಳ ಮೇಲೂ ಇರಲಿಲ್ಲ, ಎಂಜಿನಿಯರನ ಮೇಲೂ ಇರಲಿಲ್ಲ. ತನ್ನ ಮೇಲೇ ತಿರುಗಿತ್ತು.

“ಫೋನು ಮಾಡು,” ಎಂದಳು ಅಕ್ಕ.

“ಏನಂತ ಮಾಡಲಿ? ಸಹಿ ಹಾಕು ಅಂತಲೋ, ಬೇಡ ಅಂತಲೋ?”

“ಮೊದಲು ಕೇಳು. ಆಮೇಲೆ ಹೇಳು.”

ಗಂಟೆ ಹನ್ನೆರಡು ಇಪ್ಪತ್ತೆರಡು. ಅವನು ಗೇಟಮ್ಮನ ಗಂಡನ ನಂಬರಿಗೆ ಫೋನು ಹಚ್ಚಿದ. ಗಂಡ ಕಾರ್ಖಾನೆಯಲ್ಲೇ ಟ್ಯಾಂಕರು ಓಡಿಸುವವನು. ತಾಯಿ ಸತ್ತ ದಿನದಿಂದ ಗಡ್ಡ ಬಿಟ್ಟಿದ್ದ, ಹೆಂಡತಿಯ ಪಕ್ಕ ಬಿಟ್ಟು ಕದಲಿರಲಿಲ್ಲ.

“ಸಾರ್, ಇನ್ನೇನು ಸಹಿ ಹಾಕಿಸ್ತಾರೆ,” ಎಂದ ಗಂಡ. “ಇನ್‌ಸ್ಪೆಕ್ಟ್ರು ಸೀಲು ತರೋಕೆ ಒಳಗೆ ಹೋಗಿದಾರೆ. ನಾನಿದೀನಿ, ಸೂಪರ್‌ವೈಸರ್ ಸಾಹೇಬ್ರಿದಾರೆ, ಕಾರ್ಖಾನೆಯ ವಕೀಲರಿದಾರೆ.”

ಮೂವರೂ ಪತ್ತೇದಾರನ ಡೈರಿಯಲ್ಲಿದ್ದವರೇ. ಅವತ್ತು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮೂವರೂ ಕಾರ್ಖಾನೆಯ ಕಾಂಪೌಂಡಿನ ಒಳಗೇ ಇದ್ದರು. ಒಬ್ಬ ಟ್ಯಾಂಕರಿನ ಹತ್ತಿರ, ಒಬ್ಬ ಪಂಪುಗಳ ಹತ್ತಿರ, ಒಬ್ಬ ಮ್ಯಾನೇಜರರ ಕೋಣೆಯಲ್ಲಿ. ಹಾಗೆಂದು ಅವರವರೇ ಹೇಳಿದ್ದು.

“ನಿಮ್ಮ ಮನೆಯವರಿಗೆ ಕೊಡಿ. ಒಂದೇ ನಿಮಿಷ.”

ಫೋನು ಕೈ ಬದಲಾದ ಸದ್ದು. ಆಮೇಲೆ ಅವಳ ದನಿ. “ಹೇಳಿ ಸಾರ್.”

“ನಲವತ್ತೊಂದು ಸಲ,” ಎಂದ ಪತ್ತೇದಾರ.



“ಹೂಂ,” ಎಂದಳು. “ಸಿಕ್ಕಿತಾ ನಿಮಗೆ.”

“ನೀವೇನಾ?”

“ನಾನೇ.”

“ಊರಿಗೆಲ್ಲ ವಿಷ ಹಾಕ್ತಿದೀನಿ ಅಂತ ಗೊತ್ತಿತ್ತಾ?”

“ಮೊದಲು ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು. ಅದಕ್ಕೇ ಸಹಿ ಹಾಕ್ತಿದೀನಿ.”

ಅವನಿಗೆ ಬಯ್ಯಬೇಕೆನಿಸಿತು. ಬದಲಿಗೆ ಕೇಳಿದ. “ಮೊದಲ ದಿನ ತೆರೆದಿಲ್ಲ ಅಂದಿದ್ರಿ.”

“ಅವತ್ತು ತೆರೆದಿಲ್ಲ ಅಂದೆ. ಅದು ನಿಜ.” ಅವಳ ದನಿ ಇನ್ನೂ ತಗ್ಗಿತು. “ಅತ್ತೆಗೆ ಅದಾಗಲೇ ಎರಡು ದಿನದಿಂದ ವಾಂತಿ ಆಗ್ತಿತ್ತು. ಪಕ್ಕದ ಕೋಣೆಯಿಂದ ಕೇಳಿಸ್ತಾ ಇತ್ತು ನಂಗೆ. ಇನ್ನು ಸಾಕು ಅನ್ನಿಸ್ತು. ಎಂಟು ತಿಂಗಳಲ್ಲಿ ಅವತ್ತೊಂದೇ ದಿನ ನಾನು ಬೀಗ ಒತ್ತಿದ್ದು ಸಾರ್. ವಿಡಿಯೊದಲ್ಲಿ ನೋಡಿದ್ರೆ ‘ತೆರೆ’ ಅಂತ ಬಂತು. ದೇವರೇ ಬೇಡ ಅಂದ ಅಂದ್ಕೊಂಡೆ.”

ಪತ್ತೇದಾರ ಅಕ್ಕನ ಮುಖ ನೋಡಿದ. ಅಕ್ಕ ಫೋನಿಗೆ ಕಿವಿ ಹಚ್ಚಿ ನಿಂತಿದ್ದಳು, ಕಣ್ಣು ತುಂಬಿತ್ತು.

“ಕೇಳಿ,” ಎಂದ ಅವನು ಅವಸರವಾಗಿ. “ಆ ವಿಡಿಯೊ ಸುಳ್ಳು. ಅದು ಯಂತ್ರದ ಊಹೆ. ಸಾಕ್ಷಿ ನನ್ನ ಜೇಬಲ್ಲಿದೆ. ಸಹಿ ಹಾಕಬೇಡಿ. ನಲವತ್ತೊಂದಕ್ಕೆ ನೀವು ಉತ್ತರ ಹೇಳಲೇಬೇಕು, ಅದು ಬೇರೆ ಮಾತು. ಆದ್ರೆ ಅವತ್ತಿನ ಆರು ಹೆಣ ನಿಮ್ಮವಲ್ಲ. ಏಳು ನಿಮಿಷದಲ್ಲಿ ಲೈನು ಕಡಿಸಿ, ಬೀಗ ತೆಗೆದು, ಗೇಟು ತೆರೆದವರು ಬೇರೆ ಇದಾರೆ. ಯಾರದು?”

“ಎಂಟು ತಿಂಗಳಿಂದ ತೆರೀ ತೆರೀ ಅಂತ ಹೇಳ್ತಾ ಬಂದವರೇ.”

“ಅದೇ, ಯಾರು?”

ಕುರ್ಚಿ ಎಳೆದ ಸದ್ದಾಯಿತು. ಯಾರೋ ಗಂಟಲು ಸರಿಮಾಡಿಕೊಂಡರು. ಸೀಲು ತಂದ ಇನ್‌ಸ್ಪೆಕ್ಟರರ ಬೂಟಿನ ಸದ್ದು ಇನ್ನೂ ದೂರದಲ್ಲಿತ್ತು.

“ಈಗ ಹೇಳೋಕಾಗಲ್ಲ ಸಾರ್,” ಎಂದಳು ಗೇಟಮ್ಮ, ಮನೆಯವರ ಕ್ಷೇಮಸಮಾಚಾರ ಹೇಳುವಷ್ಟು ಮೆತ್ತಗೆ. “ಪಕ್ಕದಲ್ಲೇ ಕೂತಿದಾರೆ. ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಡ್ತಾ ಇದಾರೆ.”

ಫೋನು ಕಟ್ಟಾಯಿತು.